ಒಂದು ಬಾಗಿಲಿಗೆ ಎರಡು ಹೊಸಿಲು

ಕುದೇರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಎಲ್ಲರೂ ‘ಚರ್ಚ್ ಮಾದೇವಣ್ಣ’ ಎಂದು ಕರೆಯುತ್ತಾರೆ. ಹೊರಗಿನಿಂದ ಬಂದವರು ಈ ಹೆಸರು ಕೇಳಿ, ಆಮೇಲೆ ನನ್ನ ಹಣೆಯ ಮೇಲಿನ ವಿಭೂತಿ ನೋಡಿ ಗಲಿಬಿಲಿಯಾಗುತ್ತಾರೆ. ನಾನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ, ಹೇಳಲು ಹೊರಟರೆ ಒಂದು ಟೀ ಸಾಲುವುದಿಲ್ಲ. ಇಡೀ ಜೀವನ ಗಾರೆ ಕೆಲಸ ಮಾಡಿದೆ. ಮನೆ, ಶಾಲೆ, ದನದ ಕೊಟ್ಟಿಗೆ, ಮದುವೆ ಛತ್ರ ಎಲ್ಲವನ್ನೂ ಕಟ್ಟಿದೆ. ಹೆಸರು ಮಾತ್ರ ನಾನು ಕಟ್ಟದೇ ಇದ್ದ, ಬರೀ ರಿಪೇರಿ ಮಾಡಿದ ಒಂದು ಹಳೆಯ ಚರ್ಚಿನಿಂದ ಬಂತು. ಅಯ್ಯೋ, ಬರಲಿ ಬಿಡಿ. ಹೆಸರು ಕೇಳಿ ಪಡೆಯುವ ವಸ್ತುವಲ್ಲ.

ಈಗ ಮಂಡಿ ಹೋಗಿದೆ. ಸಾರುವೆ ಹತ್ತುವುದನ್ನು ಬಿಟ್ಟಿದ್ದೇನೆ. ಕಸುಬಿಗೆ ಹೊಸದಾಗಿ ಬರುವವರು ನನ್ನ ಜಗಲಿಗೆ ಬಂದು, “ಮಾವ, ಯಾವ ಸಿಮೆಂಟ್ ಒಳ್ಳೇದು?” ಎಂದು ಕೇಳುತ್ತಾರೆ. ಅಂಗಡಿಯವನನ್ನು ಕೇಳಿ ಎನ್ನುತ್ತೇನೆ. ನನ್ನ ಬಳಿ ಇರುವುದು ಬೇರೆ ಸರಕು. ಗೋಡೆಯ ಮುಂದೆ ಹೇಗೆ ನಿಲ್ಲಬೇಕು, ಯಾರ ಮಾತು ಕೇಳಬೇಕು, ಯಾವಾಗ ಕರಣೆ ಕೆಳಗಿಡಬೇಕು, ಇಂಥವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಸಂತೆಮರಹಳ್ಳಿಯ ರಾಚಪ್ಪ ಮೇಸ್ತ್ರಿ. ಅವರ ಬಾಯಿ ಅಂದರೆ ಬಾಯಲ್ಲ, ಸುಣ್ಣದ ಗೂಡು. ಬೆಳಿಗ್ಗೆ ಎದ್ದು ಬಂದವನೇ ಗೋಡೆಗೆ ಕೈ ಹಚ್ಚಿದರೆ ಕರಣೆಯ ಹಿಡಿಯಲ್ಲಿ ತಲೆಗೆ ಒಂದು ಕುಟ್ಟುತ್ತಿದ್ದರು. “ಮೊದ್ಲು ಗ್ವಾಡ ನೋಡ್ಲಾ. ಅದು ಏನೋ ಯೋಳ್ತಾ ಅದ. ನೀನು ಬಾಯ್ ಮುಚ್ಕ.” ಆಗ ಗಾರೆ ಎಂದರೆ ಸುಣ್ಣದ ಗಾರೆ. ಸುಣ್ಣವನ್ನು ಗುಂಡಿಯಲ್ಲಿ ನೆನೆಹಾಕಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಬೆಣ್ಣೆ ಮಾಡಬೇಕಿತ್ತು. ಬೆಲ್ಲದ ನೀರನ್ನು ರಾಚಪ್ಪನವರು ನಾಲಿಗೆಗೆ ಇಟ್ಟು ನೋಡುತ್ತಿದ್ದರು. ನಾವು ಆಳುಗಳು ನೋಡುವ ನೆಪದಲ್ಲಿ ಕುಡಿದೇ ಬಿಡುತ್ತಿದ್ದೆವು. ಒಂದು ಸಲ ನೀರು ಸಪ್ಪೆಯಾಗಿದ್ದು ಗೊತ್ತಾಗಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, “ಬಾಯ್ ತಗೀರ್ಲಾ, ಯಾವನ ಬಾಯ್ಗ ಇರುವೆ ಮುತ್ತದ ನೋಡ್ತಿನಿ” ಎಂದಿದ್ದರು. ಅವರು ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಕೆಲಸ ಚೆನ್ನಾಗಿದ್ದರೆ ಸುಮ್ಮನೆ ಬೀಡಿ ಹಚ್ಚುತ್ತಿದ್ದರು, ಅಷ್ಟೇ.

ಆಮೇಲೆ ಸಿಮೆಂಟು ಬಂತು. ಗುಂಡಿ ಬೇಡ, ಗಾಣ ಬೇಡ, ಕಾಯುವುದು ಬೇಡ. ಮೂಟೆ ಹರಿ, ಕಲಸು, ಬಳಿ, ಮನೆಗೆ ಹೋಗು. ಎಲ್ಲರ ಹಾಗೆ ನಾನೂ ಸಿಮೆಂಟಿನವನಾದೆ. ಹೊಟ್ಟೆಪಾಡು ಸ್ವಾಮಿ, ಅದರಲ್ಲಿ ನಾಚಿಕೆ ಏನು? ಆದರೆ ಸಂತೆಮರಹಳ್ಳಿಯಲ್ಲೇ ಒಂದು ಹಳೆಯ ಮನೆಯ ಸುಣ್ಣದ ಗೋಡೆಗೆ ಸಿಮೆಂಟು ಬಳಿದು ಫಳಫಳ ಅನ್ನಿಸಿದೆ. ಮನೆಯವರು ಬಂದವರಿಗೆಲ್ಲ ತೋರಿಸಿದರು. ಒಂದು ಮಳೆಗಾಲ ಕಳೆಯಿತು ನೋಡಿ, ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲದೆ ಸಿಮೆಂಟು ಹಪ್ಪಳದ ಹಾಗೆ ಉಬ್ಬಿ ಬಿತ್ತು. ರಾಚಪ್ಪನವರು ಸಂತೆಗೆ ಬಂದವರು ಅದನ್ನು ನೋಡಿ, “ಎಮ್ಮಗ ಪ್ಯಾಂಟ್ ಹಾಕ್ದಂಗಾಯ್ತು ಕಣ್ಲಾ” ಎಂದು ನಕ್ಕು ಹೋದರು. ನಾನು ಮತ್ತೆ ಸುಣ್ಣದ ಗುಂಡಿ ತೋಡಿದ್ದು ಆಗಲೇ. ಹಳೆಯ ಗೋಡೆಗೆ ಹಳೆಯ ಗಾರೆಯೇ ಆಗಬೇಕು ಎಂದು ಹಟ ಹಿಡಿಯುವ ಮೇಸ್ತ್ರಿ ನಮ್ಮ ಕಡೆ ನಾನೊಬ್ಬನೇ ಉಳಿದೆ. ಆದ್ದರಿಂದಲೇ ಸೂಸೇಪಾಳ್ಯದವರು ನನ್ನನ್ನು ಹುಡುಕಿಕೊಂಡು ಬಂದರು.

ಸೂಸೇಪಾಳ್ಯ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಒಳಗೆ ಇರುವ ಸಣ್ಣ ಊರು. ಸೂಸೆ ಎಂದರೆ ಕ್ರೈಸ್ತರ ಸಂತ ಜೋಸೆಫ್. ಊರಿನ ನಡುವೆ ಚರ್ಚು. ಮೊದಲ ದಿನ ಅಂಗಳದಲ್ಲಿ ನಿಂತು ರಾಚಪ್ಪನವರು ಹೇಳಿಕೊಟ್ಟಂತೆ ಬಾಯಿ ಮುಚ್ಚಿಕೊಂಡು ನೋಡಿದೆ. ಮೊಳಕ್ಕೂ ಮಿಕ್ಕ ದಪ್ಪದ ಇಟ್ಟಿಗೆ ಗೋಡೆ. ಪಡುವಣಕ್ಕೆ ಮುಖ, ಮುಖದಲ್ಲಿ ಮೂರು ಕಮಾನಿನ ಬಾಗಿಲು, ನಡುವಿನದು ದೊಡ್ಡದು, ಪಕ್ಕದವೆರಡು ಸದಾ ಮುಚ್ಚಿಯೇ ಇರುವಂಥವು. ಅದರ ಮೇಲೆ ಗಾಡಿಚಕ್ರದಂಥ ದುಂಡು ಕಿಟಕಿ, ಅದಕ್ಕೆ ಬಣ್ಣದ ಗಾಜು. ಸಂಜೆ ಬಿಸಿಲು ಅದರ ಮೂಲಕ ಒಳಗೆ ಬಂದರೆ ನೆಲದ ಮೇಲೆ ಕೆಂಪು, ನೀಲಿ ಚೆಲ್ಲುತ್ತಿತ್ತು. ಒಂದು ಪಕ್ಕದಲ್ಲಿ ಗಂಟೆಯ ಗೋಪುರ. ಮೇಲೆ ಮಂಗಳೂರು ಹೆಂಚು, ಹೆಂಚಿನ ಕೆಳಗೆ ತೇಗದ ತೊಲೆ. ಹಿಂದೆ ದೂರದೇಶದಿಂದ ಬಂದ ಪಾದ್ರಿಯೊಬ್ಬರು ನಿಂತು ಕಟ್ಟಿಸಿದ್ದಂತೆ. ಊರವರು ಅವರನ್ನು ಇವತ್ತಿಗೂ ‘ದೊಡ್ಡಸಾಮಿ’ ಎನ್ನುತ್ತಾರೆ. ನಕ್ಷೆ ಅವರದು, ಕೈ ನಮ್ಮವರದು. ಅದು ಕಂಬದ ತಲೆ ನೋಡಿದರೆ ತಿಳಿಯುತ್ತದೆ. ಅವರ ದೇಶದ ಯಾವುದೋ ಎಲೆ ಕೆತ್ತಿ ಎಂದು ಚಿತ್ರ ಕೊಟ್ಟಿದ್ದಿರಬೇಕು. ನಮ್ಮವರು ಹಾಗೇ ಕೆತ್ತುತ್ತಾ ಕೆತ್ತುತ್ತಾ ವೀಳ್ಯದೆಲೆ ಮಾಡಿಬಿಟ್ಟಿದ್ದಾರೆ. ಪೀಠದ ಮೇಲಿನ ಗಾರೆಯ ದೇವದೂತರಿಗೆ ರೆಕ್ಕೆ ಇದೆ, ಗುಂಗುರು ಕೂದಲಿದೆ, ಸೊಂಟದಲ್ಲಿ ಉಡಿದಾರವೂ ಇದೆ! ಮಗು ಎಂದ ಮೇಲೆ ಉಡಿದಾರ ಇಲ್ಲದೆ ಹೇಗೆ ಅಂತ ಆ ಕೆಲಸಗಾರನಿಗೆ ಅನ್ನಿಸಿರಬೇಕು. ನಾನು ಅಲ್ಲೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಈ ಕೆಲಸ ಒಪ್ಪಿಕೊಳ್ಳಬೇಕು ಎಂದು ಮನಸ್ಸಾಗಿದ್ದು ಆ ಉಡಿದಾರ ನೋಡಿಯೇ.

ಆಗ ಅಲ್ಲಿದ್ದ ಗುರುಗಳು ಫಾದರ್ ಡೆನ್ನಿಸ್. ಕರಾವಳಿ ಕಡೆಯವರು, ಸೂಸೇಪಾಳ್ಯಕ್ಕೆ ಹೊಸಬರು. ಅವರ ಕನ್ನಡ ಪುಸ್ತಕದ ಹಾಗೆ. ನಮ್ಮವರು ‘ಓಗನ, ಬುಡನ’ ಎಂದರೆ ಅವರು ಒಂದು ಕ್ಷಣ ಯೋಚಿಸಿ ನಗುತ್ತಿದ್ದರು. ಅವರಿಗೆ ಕೈಕೆಳಗೆ ಇನ್ನಾಸಪ್ಪ ಎಂಬ ಉಪದೇಶಿ. ಪ್ರಾರ್ಥನೆ ಹೇಳಿಕೊಡುವುದು, ಗಂಟೆ ಹೊಡೆಯುವುದು, ನಮಗೆ ಟೀ ತರಿಸುವುದು ಎಲ್ಲ ಅವನದೇ. ಯಜಮಾನರಲ್ಲಿ ಎರಡು ಜಾತಿ. ಕೆಲಸದವನ ನೆತ್ತಿಯ ಮೇಲೆ ನಿಲ್ಲುವವರು ಒಂದು, ಏನು ಬೇಕೋ ಮಾಡು ಎಂದು ನಂಬುವವರು ಇನ್ನೊಂದು. ಫಾದರ್ ಎರಡನೆಯವರು. ಎರಡನೆಯವರ ಹತ್ತಿರವೇ ಹುಷಾರಾಗಿರಬೇಕು ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಕೆಲಸ ಚೆನ್ನಾಗಿಯೇ ನಡೆಯಿತು. ಹಿಂದೆ ಯಾರೋ ಬಳಿದಿದ್ದ ಸಿಮೆಂಟನ್ನು ಕಿತ್ತು ಸುಣ್ಣದ ಗಾರೆ ಮಾಡಿದೆವು. ಗುಂಡ್ಲುಪೇಟೆ ಕಡೆಯಿಂದ ಹೆಂಚು ಹೊದಿಸುವ ಮಲೆಯಾಳಿಗಳು ಬಂದರು. ಕಾಡಂಚಿನ ಪುಣಜನೂರಿನಿಂದ ಬರಬೇಕಾಗಿದ್ದ ನಮ್ಮ ಆಳು ಎರಡು ಸಲ ಮಧ್ಯಾಹ್ನಕ್ಕೆ ಬಂದ. ಕೇಳಿದರೆ, “ಬಸ್ಗ ಆನ ಅಡ್ಡ ನಿಂತಿತ್ತು ಕಣಣ್ಣ.” ಮೂರನೇ ಸಲ ತಡವಾದಾಗ, ಆ ಆನೆಗೆ ನಿನ್ನ ಹೆಂಡತಿ ಏನು ಹೆಸರಿಟ್ಟಿದ್ದಾಳೆ ಎಂದು ಕೇಳಿದೆ. ಆಮೇಲೆ ಆನೆ ಬರಲಿಲ್ಲ.

ಇನ್ನೇನು ಕೆಲಸ ಮುಗಿಯಬೇಕು. ಬಿಷಪ್ಪರು ಬಂದು ಆಶೀರ್ವದಿಸುವ ಹಬ್ಬಕ್ಕೆ ದಿನ ಗೊತ್ತಾಗಿತ್ತು. ಫಾದರ್ ಯಾವುದೋ ಧ್ಯಾನಕೂಟಕ್ಕೆಂದು ಮೈಸೂರಿಗೆ ಹೊರಟವರು, “ಮೇಸ್ತ್ರಿ, ನಾನು ಬರುವುದರೊಳಗೆ ದೊಡ್ಡ ಬಾಗಿಲನ್ನೊಂದು ಸರಿ ಮಾಡಿಬಿಡಿ” ಎಂದರು. ದೊಡ್ಡ ಬಾಗಿಲಿನ ಹಲಗೆಯ ತಳ ಗೆದ್ದಲು ತಿಂದು ಕೆಳಗೆ ಸಂದು ಬಿಟ್ಟಿತ್ತು. ಬಗ್ಗಿ ನೋಡುತ್ತೇನೆ, ಬಾಗಿಲಿಗೆ ಹೊಸಿಲೇ ಇಲ್ಲ! ಅಂಗಳದ ನೆಲ ಹಾಗೇ ಒಳಗೆ ಹೋಗಿಬಿಟ್ಟಿದೆ. ನಮ್ಮಲ್ಲಿ ದನದ ಕೊಟ್ಟಿಗೆಗೂ ಒಂದು ಅಡ್ಡಕಲ್ಲು ಇಡುತ್ತೇವೆ. ದೇವರ ಮನೆಗೆ ಹೊಸಿಲು ಇಲ್ಲವೆಂದರೆ? ಯಾವುದೋ ಕಾಲದಲ್ಲಿ ಒಡೆದುಹೋಗಿರಬೇಕು, ಮಾಡಿಸಲು ಯಾರಿಗೂ ಪುರುಸೊತ್ತಾಗಿಲ್ಲ, ಪಾಪ ಎಂದುಕೊಂಡೆ. ಬಾಗಿಲು ಸರಿ ಮಾಡಿ ಎಂದರೆ ನಮ್ಮ ಕಸುಬಿನಲ್ಲಿ ಹೊಸಿಲೂ ಸೇರಿತು ತಾನೇ.

ನಮ್ಮ ಸೀಮೆಯಲ್ಲಿ ಕರೀಕಲ್ಲಿಗೇನು ಬರವೇ? ಒಳ್ಳೆಯ ಕಲ್ಲು ತರಿಸಿ ನಾನೇ ಉಳಿ ಹಿಡಿದೆ. ರಾಚಪ್ಪನವರು ಕಲಿಸಿದ್ದ ಎಂಟು ಎಸಳಿನ ಹೂವನ್ನು ಎರಡು ತುದಿಗೆ ಕೆತ್ತಿದೆ. ಆ ಜಾಗದಲ್ಲಿ ನೆಲ ಬಂಡೆಯ ಹಾಗೆ ಗಟ್ಟಿಯಿತ್ತು, ಹೆಚ್ಚು ತೋಡುವ ಕೆಲಸವೇ ಬೀಳಲಿಲ್ಲ ಎಂದು ಖುಷಿಪಟ್ಟೆ. ಶುಕ್ರವಾರ ಬೆಳಿಗ್ಗೆ ಹೊಸಿಲು ನಿಲ್ಲಿಸಿ, ಅರಿಶಿನ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದೆವು. ಇನ್ನಾಸಪ್ಪ ಪಕ್ಕದಲ್ಲೇ ನಿಂತಿದ್ದ. ಫಾದರ್ ಹೇಳಿಯೇ ಮಾಡಿಸುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದನಂತೆ. ಕಾಯಿ ಚೂರನ್ನೂ ತಿಂದ. ಶನಿವಾರ ಫಾದರ್ ಬಂದರು, ನೋಡಿದರು, ಬಗ್ಗಿ ಹೂವನ್ನು ಮುಟ್ಟಿದರು. “ಬಹಳ ಸುಂದರವಾಗಿದೆ ಮೇಸ್ತ್ರಿ” ಎಂದರು. ನನಗೆ ಆ ರಾತ್ರಿ ಒಂದು ಮುದ್ದೆ ಜಾಸ್ತಿ ಹೋಯಿತು.

ಭಾನುವಾರ ಪೂಜೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಮದಲೇನಮ್ಮ. ಬೆನ್ನು ಬಾಗಿದ, ಕಣ್ಣು ಮಂಜಾದ ಅಜ್ಜಿ. ಊರಿನಲ್ಲಿ ಅವರಷ್ಟು ಹಿರಿಯರು ಬೇರೆ ಇರಲಿಲ್ಲ. ಬಲಗಡೆಯ ಮೊದಲ ಕಂಬ ಅವರದು. ನಾವು ಗಾರೆ ಮಾಡುವಾಗಲೂ ಬಂದು ಕುಳಿತು, “ಮೇಸ್ತ್ರಪ್ಪೋರೇ, ನನ್ ಕಂಬ್ಕ ಎಲ್ಡು ಕೈ ಜಾಸ್ತಿ ಬಳೀರಪ್ಪ” ಎನ್ನುತ್ತಿದ್ದರು. ನಾನು ಎಷ್ಟು ಬೇಡವೆಂದರೂ ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದರು. ಆ ಭಾನುವಾರ ಹೊಸ ಹೊಸಿಲನ್ನು ಯಾರು ಏನನ್ನುತ್ತಾರೆ ಎಂದು ಕೇಳುವ ಆಸೆಗೆ ನಾನೂ ಹೋಗಿದ್ದೆ. ಅಂಗಳದಲ್ಲಿ ನಿಂತಿದ್ದೆ.

ಅಜ್ಜಿ ಕೋಲೂರಿಕೊಂಡು ಬಂದರು. ಕೋಲು ಕಲ್ಲಿಗೆ ಟಕ್ ಎಂದಿತು. ನಿಂತರು. ಕೋಲಿನಿಂದ ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ತಡವಿದರು. ಆಮೇಲೆ ತಿರುಗಿ ಬಂದು ಅಂಗಳದ ಬೇವಿನ ಮರದ ಬುಡದಲ್ಲಿ ಕುಳಿತರು. ಇನ್ನಾಸಪ್ಪ ಕರೆದ, ಏಳಲಿಲ್ಲ. ಕೊನೆಗೆ ಫಾದರ್ ಪ್ರಸಾದವನ್ನು ಮರದ ಕೆಳಗೇ ತಂದು ಕೊಟ್ಟರು. ಮುಂದಿನ ಭಾನುವಾರವೂ ಅದೇ. ಆ ಸಲ ಅವರ ಪಕ್ಕದಲ್ಲಿ ಇನ್ನೂ ಇಬ್ಬರು ಮುದುಕಿಯರು ಕುಳಿತಿದ್ದರು. ಮುದುಕೀಗೆ ಅರಳುಮರಳು ಎಂದರು ಕೆಲವರು. ಫಾದರ್ ಮುಖ ಸಣ್ಣಗಾಯಿತು. ಹಬ್ಬ ಹತ್ತಿರ ಬರುತ್ತಿತ್ತು. ಊರಿನ ಹಿರಿಯಜ್ಜಿ ಹೊರಗೆ ಕುಳಿತಿರುವಾಗ ಒಳಗೆ ಎಂಥ ಹಬ್ಬ?

ನಾನೇ ಹೋಗಿ ಅವರ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. “ಅಜ್ಜಿ, ಕಾಲು ಎತ್ತಲು ಆಗುವುದಿಲ್ಲವೇ? ಪಕ್ಕದಲ್ಲಿ ಒಂದು ಮೆಟ್ಟಿಲು ಮಾಡಿಕೊಡಲೇ?” ಎಂದೆ.

ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು. “ದೊಡ್ಡಸಾಮೀನೂ ಇಂಗೇ ಅಂದ್ಕಂಡ್ರಂತ ಮೇಸ್ತ್ರಪ್ಪೋರೇ. ನಮ್ಮಜ್ಜೀನ.”

ಆಮೇಲೆ ಅವರು ಹೇಳಿದ್ದು ಇದು. ಚರ್ಚು ಹೊಸದರಲ್ಲಿ ದೊಡ್ಡ ಬಾಗಿಲಿಗೆ ಹೊಸಿಲು ಇತ್ತಂತೆ. ಊರಿಗೆ ಮೊದಲು ಬಂದು ಕ್ರೈಸ್ತರಾದವರು, ನಾಲ್ಕು ಎಕರೆ ಇದ್ದವರು, ಒಳಗೆ ಕೂರುತ್ತಿದ್ದರು. ಕೂಲಿಯವರು ಹೊಸಿಲಿನ ಆಚೆ ನಿಂತೇ ಪೂಜೆ ಕೇಳುತ್ತಿದ್ದರು. ಯಾರೂ ಬರೆದಿಟ್ಟ ನಿಯಮವಲ್ಲ. ಹೊಲದ ಯಜಮಾನರ ಮನೆಯ ಹೊಸಿಲು ದಾಟಬಾರದು ಎಂದು ಹುಟ್ಟಿದಾಗಿನಿಂದ ಕೇಳಿದವರು, ಈ ಹೊಸಿಲನ್ನೂ ದಾಟಲಿಲ್ಲ. ಒಂದು ಕ್ರಿಸ್ಮಸ್ಸಿಗೆ ಮಳೆ ಹೊಡೆಯುತ್ತಿತ್ತು. ಮದಲೇನಮ್ಮನ ಅಜ್ಜಿ ಬಗಲಲ್ಲಿ ಮಗು ಇಟ್ಟುಕೊಂಡು ಆಚೆ ನೆನೆಯುತ್ತಾ ನಿಂತಿದ್ದರು. ದೊಡ್ಡಸಾಮಿ ಪೂಜೆ ನಿಲ್ಲಿಸಿ ಬಾಗಿಲಿಗೆ ಬಂದು, ಯಾಕೆ ಒಳಗೆ ಬರಲಿಲ್ಲ ಎಂದು ಕೇಳಿದರು.

“ನಮ್ಮಜ್ಜಿ, ‘ಹೊಸ್ಲು ಅದ ಅಲ್ವಾ ಸಾಮಿ’ ಅಂದ್ಳಂತ. ಆ ಸಾಮಿಗ ನಮ್ ಮಾತು ಅರ್ದಂಬರ್ದ. ಪಾಪ, ಬಗಲ್ಲಿ ಮೊಗ ಅದ, ಕಾಲ್ ಎತ್ತಕ ಆಯ್ತಿಲ್ಲ ಅಂದ್ಕಬುಟ್ರು. ಮಾರ್ನೇ ದಿನವೇ ಆಳ್ಗಳ ಕರ್ದು ಕಲ್ಲ ತಗಸ್ಬುಟ್ರು. ಕಲ್ಲೇ ಇಲ್ಲ ಅಂದ್ಮೇಲ ಇನ್ನೇನ ದಾಟದು? ನಮ್ಮೋರು ಒಳಕ್ಕ ಓದ್ರು. ಆವತ್ತಿಂದ ನಾವು ಕಾಲ್ ಎತ್ತದೇನೆ ವೋಗ ಮನ ಅಂದ್ರ ಅದೊಂದೇಯ.”

ಕೋಲನ್ನು ಬಾಗಿಲಿನ ಕಡೆ ಚಾಚಿ, “ನನ್ ಎಣ ಬೇಕಾರ ಎತ್ಕ ವೋಗಿ. ಜೀವ ಇರಗಂಟ ನಾನ್ ಹೊಸ್ಲು ದಾಟಲ್ಲ” ಎಂದರು.

ನಮ್ಮದು ಕುದೇರಿನಲ್ಲಿ ಸಣ್ಣ ಜಮೀನಿನ ಮನೆ. ಕಳೆ ಕೀಳಲು ಬಂದ ಹೆಂಗಸರು ಹೊಸಿಲಿನ ಆಚೆ ಕೈ ಒಡ್ಡಿ ಕೂರುವುದು, ನಮ್ಮವ್ವ ಈಚೆಯಿಂದ ಮುದ್ದೆಯನ್ನು ಮೇಲಿಂದ ಬಿಡುವುದು, ಇದನ್ನು ನೋಡಿಯೇ ಬೆಳೆದವನು ನಾನು. ಇಷ್ಟು ವರ್ಷ ಎಷ್ಟೋ ಹೊಸಿಲು ನಿಲ್ಲಿಸಿದೆ. ಅದಕ್ಕೆ ಎರಡು ಕಡೆ ಇದೆ ಎಂದು ಯೋಚಿಸಿಯೇ ಇರಲಿಲ್ಲ. ಅವತ್ತು ಅಜ್ಜಿಯ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಕಲ್ಲು ತೆಗೆಯೋಣ ಎಂದರು ಫಾದರ್. ಅವರಿಗೇನು, ಸುಲಭ. ನಮ್ಮ ಕಸುಬಿನಲ್ಲಿ ಪೂಜೆ ಮಾಡಿ ನಿಲ್ಲಿಸಿದ ಹೊಸಿಲನ್ನು ಯಾರೂ ಕೀಳುವುದಿಲ್ಲ. ಹೊಸಿಲು ಕಿತ್ತವನ ಮನೆ ಉಳಿಯುವುದಿಲ್ಲ ಎಂಬ ಮಾತಿದೆ. ನನ್ನ ಆಳುಗಳು ಹಾರೆಯನ್ನು ಗೋಡೆಗೆ ಒರಗಿಸಿ ದೂರ ಹೋಗಿ ಕುಳಿತರು. ನನಗೂ ಕೈ ಬರಲಿಲ್ಲ. ಹಿರಿಮಗಳು ಚೊಚ್ಚಲ ಹೆರಿಗೆಗೆ ಬಂದು ಮನೆಯಲ್ಲಿದ್ದಳು. ಹೆಂಡತಿ ಶಿವಮ್ಮನಿಗೆ ವಿಷಯ ಹೇಳಿದೆ ನೋಡಿ, ಸೌಟು ಹಿಡಿದುಕೊಂಡೇ ಈಚೆಗೆ ಬಂದಳು.

“ಮನಲಿ ತುಂಬ್ದ ಬಸ್ರಿ ಮಡಿಕಂಡು ಹೊಸ್ಲು ಕೀಳಕ ವೋಯ್ತಿಯಾ? ನಿಂಗೇನ್ ಬುದ್ದಿಗಿದ್ದಿ ಅದಾ? ಬ್ಯಾರೆಯೋರ್ಗ ಯೋಳು.”

“ಬೇರೆಯವರ ಮನೆಯಲ್ಲೂ ಹೆಣ್ಣುಮಕ್ಕಳು ಇರುತ್ತಾರಲ್ಲೇ.”

“ಅದೂ ದಿಟವೇ” ಎಂದು ಕುಳಿತಳು. ಅವಳ ಕಣ್ಣಲ್ಲಿ ನೀರು ಬಂತು. ಮಗಳು ಗೋಡೆಗೊರಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಲ್ಲು ಕಿತ್ತರೆ ಮಗಳ ಚಿಂತೆ, ಕೀಳದಿದ್ದರೆ ಆ ಅಜ್ಜಿ ಬೇವಿನ ಮರದ ಕೆಳಗೇ ಸಾಯುತ್ತಾರೆ. ಅನ್ನ ಸೇರಲಿಲ್ಲ. ಇಂಥ ಹೊತ್ತಿನಲ್ಲಿ ನನಗೆ ಗೊತ್ತಿದ್ದ ದಾರಿ ಒಂದೇ, ಸಂತೆಮರಹಳ್ಳಿ ಬಸ್ಸು.

ರಾಚಪ್ಪನವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಹಲ್ಲು ಹೋಗಿತ್ತು, ಬೈಗುಳ ಹೋಗಿರಲಿಲ್ಲ. “ತಗ್ನನ್ಮಗನೆ, ಕೇಳ್ದೆ ಮಾಡ್ಬುಟ್ಟು ಈಗ ಬಂದಿದ್ದೈ” ಎನ್ನುತ್ತಲೇ ಟವೆಲ್ಲು ಹೆಗಲಿಗೆ ಹಾಕಿದರು. ಸೂಸೇಪಾಳ್ಯದಲ್ಲಿ ಬಸ್ಸಿಳಿದು ನೇರ ಬಾಗಿಲಿಗೆ ಬಂದು, ಹೊಸಿಲಿನ ಮುಂದೆ ಕಷ್ಟಪಟ್ಟು ಬಗ್ಗಿ ಹೂವಿನ ಮೇಲೆ ಬೆರಳಾಡಿಸಿದರು.

“ಹೂವ ಚಂದಾಗಿ ಕೆತ್ತಿದ್ದೈ ಕಣ್ಲಾ.”

ಜೀವನದಲ್ಲಿ ಮೊದಲ ಸಲ! ಅದೂ ಎಂಥ ಹೊತ್ತಿನಲ್ಲಿ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಬೀಡಿ ಮುಗಿಯುವವರೆಗೂ ಯೋಚಿಸಿ ಅವರು ಒಂದು ಉಪಾಯ ಹೇಳಿದರು. “ಕೀಳದು ಬ್ಯಾಡ. ಇಳಿಸ್ಬುಡನ. ಅಡೀಲಿ ತೋಡಿ, ಕಲ್ಲ ಕೂತಿರ ಜಾಗ್ದಲ್ಲೇ ಕೆಳಿಕ್ಕ ಜಾರ್ಸು. ಮೇಲ ಗಾರ ಎಳಿ. ಕಿತ್ತಂಗೂ ಅಲ್ಲ, ಇದ್ದಂಗೂ ಅಲ್ಲ.” ಆಳುಗಳು ಇದಕ್ಕೆ ಒಪ್ಪಿ ಎದ್ದು ಬಂದರು. ಹೊಸಿಲಿನ ಒಳಮಗ್ಗುಲಿನ ನೆಲದ ಬಿಲ್ಲೆ ತೆಗೆದು ನಾನೇ ಹಾರೆ ಹಾಕಿದೆ. ಒಂದು ಗೇಣು ಹೋಗುವಷ್ಟರಲ್ಲಿ ಟಣ್ ಎಂದಿತು. ಇನ್ನೊಂದು ಕಡೆ ಹಾಕಿದೆ, ಅಲ್ಲೂ ಟಣ್. ನೆಲ ಬಂಡೆಯ ಹಾಗೆ ಗಟ್ಟಿಯಿದೆ ಎಂದು ನಾನು ಖುಷಿಪಟ್ಟಿದ್ದು ಇದಕ್ಕೇ. ಮಣ್ಣು ಸರಿಸಿದೆವು. ನನ್ನ ಹೊಸಿಲಿನ ಅಡಿಯಲ್ಲೇ ಇನ್ನೊಂದು ಕಲ್ಲು, ಬಾಗಿಲಿನಷ್ಟೇ ಉದ್ದ, ಮಲಗಿತ್ತು. ಮೇಲ್ಮೈ ಒರಟು, ಉಳಿ ತಾಗದ್ದು. ಒಳ್ಳೆಯ ಕಲ್ಲಿನ ಒರಟು ಮೈ ಯಾಕೆ ಮೇಲಿದೆ ಎಂದುಕೊಂಡು, ತುದಿಯಲ್ಲಿ ಮಣ್ಣು ಕೆರೆದು ಕಲ್ಲಿನ ಕೆಳಗೆ ಕೈ ತೂರಿಸಿದೆ.

ಬೆರಳಿಗೆ ಎಸಳು ಸಿಕ್ಕಿತು. ಒಂದೊಂದೇ ತಡವಿದೆ. ಎಂಟು ಎಸಳಿನ ಹೂವು.

“ಮೇಸ್ತ್ರಿ” ಎಂದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ರಾಚಪ್ಪನವರು ನೆಲದ ಮೇಲೆ ಮಲಗಿಯೇ ಬಿಟ್ಟು ತಮ್ಮ ಕೈ ತೂರಿಸಿದರು. ಎಸಳು ಎಣಿಸಿದರು. ಎದ್ದಾಗ ಮೀಸೆಯೆಲ್ಲ ಮಣ್ಣು, ಕಣ್ಣು ಒದ್ದೆ, ಬಾಯಲ್ಲಿ ನಗು.

“ನಮ್ಮೋನೇ ಯಾವನೋ ಕಣ್ಲಾ. ಅವುನ್ಗೂ ಕೀಳಕ ಕೈ ಬಂದಿಲ್ಲ. ಸಾಮಿ ತಗಿ ಅಂದವ್ರ, ಇಂವ ಬೋರ್ಲಾಕಿ ಮಲಗ್ಸ್ಬುಟ್ಟವ್ನ!”

ಆಮೇಲೆ ಅವರು ಎದ್ದು ನಿಂತು, ಕೋಲಿನಿಂದ ನನ್ನ ಹೊಸಿಲಿಗೆ ಒಂದು ಕುಟ್ಟಿ ತೀರ್ಪು ಕೊಟ್ಟರು. “ಒಂದ್ ಬಾಗ್ಲಿಗ ಎಲ್ಡು ಹೊಸ್ಲು ಇರ್ಬಾರ್ದು ಅನ್ನದು ನಮ್ ಕಸುಬ್ನ ಮಾತಲ್ವಾ? ಈ ಬಾಗ್ಲಿಗ ಹೊಸ್ಲು ಅದ. ಮಲ್ಗದ, ಅಷ್ಟೇಯ. ನೀನು ತಂದು ಮಡಗಿರದು ಕಳ್ಳ ಹೊಸ್ಲು. ತಗಿ ಆಚಕ್ಕ!”

ಆಳುಗಳು ಹೋ ಎಂದು ನಕ್ಕರು. ಆದರೂ ನಾನು ಶಿವಮ್ಮನಿಗೆ ಫೋನು ಹಚ್ಚಿ ರಾಚಪ್ಪನವರ ಕೈಗೆ ಕೊಟ್ಟೆ. “ಹೊಸ್ಲು ಕೀಳ್ತಿಲ್ಲ ಕಣವ್ವ. ನಿನ್ ಗಂಡ ಎಚ್ಗ ಮಡಗಿರದ ತಗೀತಾವ್ನ. ದೋಸ ಏನಿದ್ರೂ ನಂಗಿರ್ಲಿ” ಎಂದು ಫೋನಿನೊಳಗೆ ಇಡೀ ಊರಿಗೆ ಕೇಳುವ ಹಾಗೆ ಕೂಗಿದರು. ಆ ಕಡೆಯಿಂದ, “ದೊಡ್ಡೋರು ನೀವೇ ಅಂದ್ಮೇಲ ಇನ್ನೇನ್ಬುಡಿ” ಎಂದದ್ದು ನನಗೂ ಕೇಳಿಸಿತು.

ಹಳೆಯ ಕಲ್ಲನ್ನು ಮೇಲೆತ್ತಿ ಎಲ್ಲರಿಗೂ ಕಾಣುವಂತೆ ಇಡೋಣವೇ ಎಂದು ಫಾದರ್ ಕೇಳಿದರು. ರಾಚಪ್ಪನವರು ಕೈ ಮುಗಿದು, “ಮಲಗಿರದ ಎಬ್ಬುಸ್ಬ್ಯಾಡಿ ಸಾಮಿ” ಎಂದರು. ಅದರ ಮೇಲೆ ಮಣ್ಣು ಮುಚ್ಚಿ, ಗಾರೆ ಬಡಿದು, ಅಂಗಳದಿಂದ ಒಳಗಿನವರೆಗೂ ಬಿಲ್ಲೆ ಸಮ ಮಾಡಿದೆವು. ಬಾಗಿಲಿನ ಕೆಳಗಿನ ಸಂದಿಗೆ ಹಲಗೆ ಕೂಡಿಸಿದೆ. ಮೊದಲೇ ಮಾಡಬೇಕಾಗಿದ್ದದ್ದು ಅಷ್ಟೇ. ನನ್ನ ಕಳ್ಳ ಹೊಸಿಲನ್ನು ಬೇವಿನ ಮರದ ಕೆಳಗೆ ಕೂರಲು ಹಾಕಿದೆವು. ಈಗಲೂ ಅಲ್ಲಿದೆ, ಬಿಸಿಲಿಗೆ ತಂಪಾಗಿರುತ್ತದೆ.

ಕಸುಬಿಗೆ ಬರುವವರಿಗೆ ಒಂದು ಮಾತು. ಹಳೆಯ ಕಟ್ಟಡದಲ್ಲಿ ಏನಾದರೂ ಇಲ್ಲ ಅನ್ನಿಸಿದರೆ, ಇಲ್ಲದಿರುವುದಕ್ಕೂ ಕಾರಣ ಇರಬಹುದು. ಕರಣೆ ಎತ್ತುವ ಮೊದಲು ಅಲ್ಲಿ ಕೂತೆದ್ದ ಒಬ್ಬ ಅಜ್ಜಿಯನ್ನು ಕೇಳಿ. ನನ್ನ ಮಗಳಿಗೆ ಹೆರಿಗೆ ಸಲೀಸಾಗಿ ಆಯಿತು, ಹೆಣ್ಣುಮಗು. ಶಿವಮ್ಮ ಬೆಟ್ಟದ ಮಾದಪ್ಪನಿಗೂ ಹರಕೆ ತೀರಿಸಿದಳು, ನನ್ನ ಕೈಯಲ್ಲಿ ಸೂಸೇಪಾಳ್ಯಕ್ಕೂ ಒಂದು ಕಟ್ಟು ಮೇಣದಬತ್ತಿ ಕಳಿಸಿದಳು. ಅದೆಲ್ಲ ಆಮೇಲಿನ ಮಾತು. ಕಲ್ಲು ತೆಗೆದ ಮೇಲಿನ ಭಾನುವಾರದ್ದು ಹೇಳಿ ಮುಗಿಸುತ್ತೇನೆ.

ಗಂಟೆ ಹೊಡೆಯಿತು. ನಾನು ಎಂದಿನಂತೆ ಚಪ್ಪಲಿ ಬಿಟ್ಟು ಅಂಗಳದಲ್ಲಿ, ಬಾಗಿಲಿನ ಪಕ್ಕ ನಿಂತಿದ್ದೆ. ಕೆಲಸ ಇದ್ದಾಗ ಒಳಗೆಲ್ಲ ಓಡಾಡಿದವನು, ಪೂಜೆಯ ಹೊತ್ತಿಗೆ ಮಾತ್ರ ಒಂದು ದಿನವೂ ಒಳಗೆ ಹೋದವನಲ್ಲ. ನಮ್ಮದಲ್ಲ ಅದು, ನಾವು ಹೊರಗಿನವರು ಅಂತ ಅಷ್ಟೇ. ಮದಲೇನಮ್ಮ ಬಂದರು. ಬಾಗಿಲಿನ ಹತ್ತಿರ ನಿಂತು ಕೋಲನ್ನು ಮುಂದೆ ಚಾಚಿ ಆ ತುದಿಯಿಂದ ಈ ತುದಿಗೆ ಎಳೆದರು. ಕೋಲು ಎಲ್ಲಿಯೂ ತಡೆಯಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಕಾಲು ಎತ್ತದೆ, ಅಂಗಾಲನ್ನು ನೆಲಕ್ಕೆ ಉಜ್ಜಿಕೊಂಡೇ ಒಳಗೆ ಹೋದರು.

ತಮ್ಮ ಕಂಬದವರೆಗೂ ಹೋದವರು ಕೂರಲಿಲ್ಲ. ತಿರುಗಿ, ಬೆಳಕಿನಲ್ಲಿ ನನ್ನ ನೆರಳು ಗುರುತಿಸಿ, ಅಷ್ಟು ದಿನ ಮೇಸ್ತ್ರಪ್ಪೋರೇ ಎನ್ನುತ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದರು.

“ನೀನ್ಯಾಕ್ಲಾ ಮೊಗ ಆಚ ನಿಂತಿದ್ದೈ? ಹೊಸ್ಲಿಲ್ವಲ್ಲ. ಬಾ ಒಳಕ್ಕ.”